ಎಂಟನೇ ತರಗತಿಯ ಮೊದಲ ಗೆರೆ

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹೋಬಳಿಯ ಹಳ್ಳಿಗಳಿಂದ ಹೈಸ್ಕೂಲಿಗೆ ಬರುವ ಮಕ್ಕಳು ಎಂಟನೇ ತರಗತಿಯ ಮೊದಲ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಬಣ್ಣ ಯಾವಾಗ ಸಾರ್?" ಈ ಸೀಮೆಯಲ್ಲೇ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಹೇಳುತ್ತಿದ್ದುದೂ ಒಂದೇ: ಮೊದಲು ಗೆರೆ. ಸ್ಕೇಲು ಮುಟ್ಟದೆ ಅಡ್ಡಗೆರೆ, ಉದ್ದಗೆರೆ, ಓರೆಗೆರೆ. ಆಮೇಲೆ ಕೈವಾರ ಹಿಡಿದು ವೃತ್ತ, ವೃತ್ತದೊಳಗೆ ಆರು ದಳದ ಹೂವು. ಬೋರ್ಡಿನ ಮೇಲೆ ಬರೆದ ಮಾವಿನ ಎಲೆಯನ್ನು ನೋಡಿ ಬರೆಯುವುದು. ನೆರಳು ಬೆಳಕು ಅದರ ನಂತರ, ಬಣ್ಣ ಎಲ್ಲಕ್ಕಿಂತ ಕೊನೆಗೆ.

ಈ ಕ್ರಮವನ್ನು ನನ್ನ ಮೇಷ್ಟ್ರು ನನಗೆ ಕಲಿಸಿದ್ದರು, ಅವರಿಗೆ ಅವರ ಮೇಷ್ಟ್ರು. ಜಾಡು ಹಿಡಿದು ಹಿಂದಕ್ಕೆ ಹೋದರೆ ಅದು ಲಂಡನ್ನಿಗೆ ಮುಟ್ಟುತ್ತದೆ. 1851ರಲ್ಲಿ ಅಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಭಾರತದ ನೇಯ್ಗೆ, ಕಸೂತಿ, ಲೋಹದ ಕೆಲಸಗಳ ಮುಂದೆ ಇಂಗ್ಲೆಂಡಿನ ಕಾರ್ಖಾನೆಗಳ ಸಾಮಾನು ಸಪ್ಪೆಯಾಗಿ ಕಂಡವು. ಪ್ರದರ್ಶನದ ಸಂಘಟಕರಲ್ಲಿ ಒಬ್ಬರಾದ ಹೆನ್ರಿ ಕೋಲ್ ಮತ್ತು ಅವರ ಜೊತೆಯವರು ಆ ಭಾರತೀಯ ವಸ್ತುಗಳಲ್ಲಿ ಎಷ್ಟನ್ನೋ ಸರ್ಕಾರದ ಹಣದಲ್ಲೇ ಕೊಂಡು ಮ್ಯೂಸಿಯಮ್ಮಿನಲ್ಲಿಟ್ಟರು. ತಮ್ಮ ಕೆಲಸಗಾರರ ಕೈ ತಿದ್ದಲು ಒಂದು ಪಠ್ಯಕ್ರಮವನ್ನೂ ಕಟ್ಟಿದರು. ರಿಚರ್ಡ್ ರೆಡ್‌ಗ್ರೇವ್ ರೂಪಿಸಿದ ಆ ಕ್ರಮದಲ್ಲಿ 23 ಹಂತಗಳಿದ್ದವು. ಮೊದಲನೆಯದು ಉಪಕರಣ ಹಿಡಿದು ಬರೆಯುವ ರೇಖಾಚಿತ್ರ, ಅದಾದ ಮೇಲೆ ಅಚ್ಚಿನ ಹಾಳೆ ನೋಡಿ ಬರಿಗೈಯಲ್ಲಿ ಎಳೆಯುವ ಹೊರಗೆರೆ. ನಮ್ಮ ಎಂಟನೇ ತರಗತಿಯ ಡ್ರಾಯಿಂಗ್ ಬುಕ್ಕಿನ ಮೊದಲ ಪುಟಗಳು ಅಲ್ಲಿಂದಲೇ ಬಂದವು.

ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು 1850ರಲ್ಲೇ ಮದರಾಸಿನಲ್ಲಿ ಕಲಾಶಾಲೆ ತೆರೆದಿದ್ದರು. ಮುಂಬಯಿಯ ಜೆ.ಜೆ. ಶಾಲೆ 1857ರದು. ಲಂಡನ್ನಿನ ಪಾಠ ಈ ಶಾಲೆಗಳಿಗೂ ಬಂತು. ಯಾವ ನಾಡಿನ ಕೈಕೆಲಸ ನೋಡಿ ಲಂಡನ್ ಬೆರಗಾಯಿತೋ ಅದೇ ನಾಡಿನ ಮಕ್ಕಳ ಮುಂದೆ ಗ್ರೀಕ್ ಅಲಂಕಾರದ ಪ್ಲಾಸ್ಟರ್ ಅಚ್ಚುಗಳನ್ನಿಟ್ಟು, ಇದನ್ನು ನೋಡಿ ಬರೆಯಿರಿ ಎಂದರು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ದೊಡ್ಡ ನೆಲೆಯಾದದ್ದು ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ. ಅದರ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಬಿತ್ತು. ಮರಗೆಲಸ, ಲೋಹದ ಕೆಲಸಗಳ ಪಕ್ಕದಲ್ಲೇ ಅಲ್ಲಿ ಚಿತ್ರಕಲೆಯ ಪಾಠವೂ ನಡೆಯುತ್ತಿತ್ತು. ಹೀಗಾಗಿ ಶಾಲೆಯ ಡ್ರಾಯಿಂಗ್ ಎಂದರೆ ಕೈಗೆ ಕಸುಬಿನ ಹದ ಕೊಡುವುದು ಎಂಬ ಭಾವನೆ ಬಹುಕಾಲ ಉಳಿಯಿತು. ಅಳತೆ ತಪ್ಪಬಾರದು, ಎಡಬಲ ಸಮ ಇರಬೇಕು, ಉಜ್ಜಿದ ಗುರುತು ಕಾಣಬಾರದು. ಈ ಶಿಸ್ತಿನಲ್ಲಿ ನನಗೆ ಇಂದಿಗೂ ಗೌರವವಿದೆ. ಕೊರತೆ ಇದ್ದದ್ದು ಬೇರೆ ಕಡೆ: ಮಗುವಿನ ಕಣ್ಣೆದುರಿನ ಊರು ಆ ಹಾಳೆಯ ಮೇಲೆ ಎಲ್ಲೂ ಇರಲಿಲ್ಲ.

ನಮ್ಮ ಸೀಮೆಗಂತೂ ಈ ಕೊರತೆ ಸಲ್ಲದು. ಕಳ್ಳಂಬೆಳ್ಳದಿಂದ ತುಮಕೂರಿನ ಕಡೆಗೆ ಹೆದ್ದಾರಿ ಹಿಡಿದರೆ ಸೀಬಿ ಸಿಗುತ್ತದೆ. ಅಲ್ಲಿನ ನರಸಿಂಹಸ್ವಾಮಿ ದೇವಸ್ಥಾನ ಕಟ್ಟಿಸಿದವರು ಟಿಪ್ಪು ಸುಲ್ತಾನನ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನವರ ಮಕ್ಕಳು ಲಕ್ಷ್ಮೀನರಸಪ್ಪ, ಪುಟ್ಟಣ್ಣ ಮತ್ತು ನಲ್ಲಪ್ಪ. ಮುಖಮಂಟಪದಲ್ಲಿ ನಿಂತು ಕತ್ತೆತ್ತಿದರೆ ಚಾವಣಿಯ ತುಂಬ ಚಿತ್ರ: ದರ್ಬಾರು, ಕೃಷ್ಣನ ಲೀಲೆ, ನರಸಿಂಹನ ಕಥೆ. ಪಟ್ಟಿ ಪಟ್ಟಿಯಾಗಿ ಸಾಲುಗಟ್ಟಿದ ಜನ, ಹೆಚ್ಚಿನವರ ಮುಖ ಪಕ್ಕಕ್ಕೆ ತಿರುಗಿದೆ. ಮೇಲುಗೈ ಕೆಂಪಿನದು, ಹಳದಿ, ಕಪ್ಪು ಅದರ ಜೊತೆಗಿವೆ. ಹೊರಗೆರೆ ಎಲ್ಲೂ ತಡವರಿಸುವುದಿಲ್ಲ. ಬರೆದವರು ಯಾವ ಡ್ರಾಯಿಂಗ್ ಪರೀಕ್ಷೆಯನ್ನೂ ಕಂಡವರಲ್ಲ. ಆ ಕಾಲದ ಚಿತ್ರಗಾರರ ಮನೆಗಳಲ್ಲಿ ವಿದ್ಯೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಬಣ್ಣ ಅರೆಯುವುದು, ಅಳಿಲಿನ ಕೂದಲಿನ ಕುಂಚ ಕಟ್ಟುವುದು, ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ಮೊದಲ ರೇಖೆ ಎಳೆಯುವುದು, ಇವು ಮೈಸೂರು ಶೈಲಿಯ ಪಾಠಗಳು.

ಲಂಡನ್ನಿನ ಕ್ರಮವನ್ನು ಒಳಗಿನಿಂದಲೇ ಪ್ರಶ್ನಿಸಿದವರು ಇ.ಬಿ. ಹ್ಯಾವೆಲ್. ಮದರಾಸಿನ ಕಲಾಶಾಲೆಯಲ್ಲಿದ್ದು 1896ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದ ಅವರು ಭಾರತದ ಕಲೆಯನ್ನೇ ಪಾಠದ ನಡುವಿಗೆ ತಂದರು. ವಿದ್ಯಾರ್ಥಿಗಳೇ ಅದನ್ನು ವಿರೋಧಿಸಿದರು, ಆದರೂ ಅವರು ಹಿಂಜರಿಯಲಿಲ್ಲ. ಅವನೀಂದ್ರನಾಥ ಟಾಗೋರರು ಅವರ ಜೊತೆಗೂಡಿದರು. ಮೈಸೂರು ಅರಮನೆಯ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಕಲಿತದ್ದು ಈ ಅವನೀಂದ್ರರ ಬಳಿ. ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು 1919ರಲ್ಲಿ ಕಲಾಮಂದಿರ ತೆರೆದರು. 1960ರಲ್ಲಿ ಚಿತ್ರಕಲಾ ಪರಿಷತ್ತು ಹುಟ್ಟಿತು, ಆ ದಶಕದಲ್ಲೇ ಆರ್.ಎಂ. ಹಡಪದರ ಕೆನ್ ಶಾಲೆಯೂ ಬಂತು. ಇಂಥ ಶಾಲೆಗಳಲ್ಲಿ ಪಳಗಿದವರು ಹೈಸ್ಕೂಲುಗಳಿಗೆ ಬಂದ ಮೇಲೆ ತರಗತಿಯೂ ನಿಧಾನಕ್ಕೆ ಬದಲಾಯಿತು. ಅಚ್ಚಿನ ಹಾಳೆಯ ಜಾಗಕ್ಕೆ ಮೇಜಿನ ಮೇಲಿಟ್ಟ ವಸ್ತು ಬಂತು.

ಆ ವಸ್ತು ನಮ್ಮಲ್ಲಿ ಹೆಚ್ಚಾಗಿ ಬಿಂದಿಗೆ. ಎಂಟನೇ ತರಗತಿಯ ಮಗು ಬಿಂದಿಗೆಯ ಬಾಯಿಯನ್ನು ಪೂರ್ತಿ ಗುಂಡಗೆ ಬರೆಯುತ್ತದೆ, ತಳವನ್ನು ಸ್ಕೇಲಿಟ್ಟಂತೆ ನೇರ ಗೆರೆಯಲ್ಲಿ ಮುಗಿಸುತ್ತದೆ. ಬಾಯಿ ದುಂಡಗಿದೆ ಎಂದು ಅದಕ್ಕೆ ಗೊತ್ತು, ತಳ ಮೇಜಿನ ಮೇಲೆ ಕೂತಿದೆ ಎಂದೂ ಗೊತ್ತು. ಗೊತ್ತಿರುವುದನ್ನೇ ಬರೆಯುತ್ತದೆ, ಕಂಡದ್ದನ್ನಲ್ಲ. ಆಗ ಮಗುವನ್ನು ಎಬ್ಬಿಸಿ ನಿಲ್ಲಿಸಬೇಕು. ಬಾಯಿ ಅಗಲವಾದ ಅಂಡಾಕಾರವಾಗಿ ಕಾಣುತ್ತದೆ. ಕೂರಿಸಬೇಕು, ಅದು ಕಿರಿದಾಗುತ್ತದೆ. ಬಾಯಿಯ ಅಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಬಗ್ಗಿಸಿದರೆ ಬರೀ ಒಂದು ಗೆರೆ. ಇನ್ನು ತಳ, ಮುಂದಕ್ಕೆ ಬಾಗಿದ ಗೆರೆಯಾಗಿ ಕಾಣುತ್ತದೆ. ಬಿಂದಿಗೆ ಇದ್ದಲ್ಲೇ ಇದೆ, ನೋಡುವ ಜಾಗ ಬದಲಾಯಿತು. ಇದನ್ನು ಸ್ವತಃ ಕಂಡುಕೊಂಡ ಮಗುವಿಗೆ ಚಿತ್ರಕಲೆಯ ಬಾಗಿಲು ತೆರೆಯಿತು ಎಂದು ನಾನು ನಂಬಿದ್ದೇನೆ.

ಇದ್ದಿಲನ್ನೂ ನಾವೇ ಮಾಡಿಕೊಳ್ಳುತ್ತಿದ್ದೆವು. ಶಿರಾ ಸೀಮೆಯಲ್ಲಿ ಹುಣಸೆ ಮರಕ್ಕೆ ಬರವಿಲ್ಲ. ಪೆನ್ಸಿಲ್ ಗಾತ್ರದ ಒಣಕಡ್ಡಿಗಳ ಸಿಪ್ಪೆ ಕೆರೆದು, ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ಸಣ್ಣ ತೂತು ಮಾಡಿ ಕೆಂಡದಲ್ಲಿ ಹುದುಗಿಸಬೇಕು. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ಡಬ್ಬಿ ತೆಗೆದು, ಪೂರ್ತಿ ಆರುವವರೆಗೂ ಮುಚ್ಚಳ ಬಿಚ್ಚಬಾರದು. ಗಾಳಿ ತಾಗಿದರೆ ಕಡ್ಡಿ ಬೂದಿಯಾಗುತ್ತದೆ. ಆ ಇದ್ದಿಲು ಹಿಡಿದು ಮಕ್ಕಳು ಕಳ್ಳಂಬೆಳ್ಳ ಕೆರೆಯ ಏರಿ, ಅಡಿಕೆ ತೋಟ, ಕುರಿ ಹಿಂಡು ಬರೆದರು. ಸೀಬಿಯ ಚಾವಣಿ ತೋರಿಸಿ, ಹಿಂದಿನ ಚಿತ್ರಗಾರರು ಮೊದಲ ರೇಖೆ ಎಳೆಯುತ್ತಿದ್ದುದೂ ಇಂಥದ್ದರಲ್ಲೇ ಎಂದಾಗ ಅವರು ಇನ್ನಷ್ಟು ಹೊತ್ತು ಕತ್ತೆತ್ತಿ ನೋಡಿದರು.

ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿಗೆ ಮಕ್ಕಳು ಈಗಲೂ ಕೂರುತ್ತಾರೆ. ಆದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳನ್ನು ಬಲ್ಲ ನನಗೆ ಡ್ರಾಯಿಂಗ್ ಮೇಷ್ಟ್ರಿಲ್ಲದ ಶಾಲೆಗಳೂ ಗೊತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಲಿ ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯಾದರೋ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಅರೆಕಾಲಿಕ ಕಲಾ ಬೋಧಕರು ಇರಬೇಕು ಎಂದಿತು. ಹೋಬಳಿಯ ಎಷ್ಟು ಶಾಲೆಗಳಲ್ಲಿ ನೂರು ಮಕ್ಕಳಿದ್ದಾರು? ಚಿಕ್ಕ ಶಾಲೆಯ ಮಗುವಿಗೂ ಕಣ್ಣು ಕೈ ಅಷ್ಟೇ ಇವೆ.

ಜೂನಿನಲ್ಲಿ ಮಕ್ಕಳನ್ನು ಹೈಸ್ಕೂಲಿಗೆ ಸೇರಿಸುವ ತಂದೆ ತಾಯಿ ಗಣಿತ, ಇಂಗ್ಲಿಷಿಗೆ ಯಾರಿದ್ದಾರೆ ಎಂದು ವಿಚಾರಿಸುತ್ತಾರೆ. ಡ್ರಾಯಿಂಗಿಗೆ ಯಾರಿದ್ದಾರೆ, ಆ ಪೀರಿಯಡ್ಡು ನಿಜವಾಗಿ ನಡೆಯುತ್ತದೆಯೇ ಎಂದೂ ಹೆಡ್‌ಮಾಸ್ಟರನ್ನು ಕೇಳಲಿ. ಎಸ್‌ಡಿಎಂಸಿ ಸಭೆಯಲ್ಲಿ ಹುದ್ದೆ ತುಂಬಿಸಿ ಎಂದು ಬರೆದುಕೊಡಲಿ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಸೀಬಿಗೆ ಕರೆದುಕೊಂಡು ಹೋಗಿ ಎಂದು ಪಟ್ಟು ಹಿಡಿಯಲಿ. ಕೇಳುವವರಿದ್ದರೆ ಮಾತ್ರ ಈ ಪಾಠ ಉಳಿಯುತ್ತದೆ.