ಪಿ.ಬಿ. ರಸ್ತೆಯಲ್ಲಿ ನಾಲ್ಕು ಮತ್ತು ಆರು: ಐಷಾರಾಮಿ ಕಾರಿನ ಸಿಲಿಂಡರ್ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ಹಿರೇಕೆರೂರಿನಿಂದ ಬಂದ ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದ ಹುಡುಗನ ಮಾಮಾ ಬೀಜದ ವ್ಯಾಪಾರಿ. ಬಹಳ ವರ್ಷದ ಆಸೆ, ಒಂದು ದೊಡ್ಡ ಕಾರು ತಗೋಬೇಕು ಅಂತ. ಹೊಸದಕ್ಕೆ ಕೈ ಹಾಕೋ ಹಾಗಿಲ್ಲ. ಹಾಗಾಗಿ ಬೆಂಗಳೂರಿಗೆ ಹೋಗಿ ಎರಡು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ನೋಡಿ ಬಂದಿದ್ದಾರೆ. ಒಂದು 2011ರ ಆರಂಭದ್ದು, ಇನ್ನೊಂದು 2013ರದ್ದು. ಎರಡೂ ಒಂದೇ ಆಕಾರ, ಎರಡರ ಹಿಂದೆಯೂ 525ಡಿ ಅನ್ನೋ ಒಂದೇ ಬರಹ. ಏಜೆಂಟ್ ಮಾತ್ರ ಹೇಳ್ತಾನಂತೆ: "ಸರ್, ಹಳೇದು ಆರು ಸಿಲಿಂಡರ್, ಅದಕ್ಕೇ ರೇಟು ಇಳಿಸಲ್ಲ. ಹೊಸದು ನಾಲ್ಕೇ." ಮಾಮಾಗೆ ಅನುಮಾನ. ಹೆಸರು ಒಂದೇ ಇರೋವಾಗ ಎಂಜಿನ್ ಹೆಂಗ ಬ್ಯಾರೆ ಆಗತೈತಿ? ಇವನು ಟೋಪಿ ಹಾಕ್ತಿದ್ದಾನಾ?

ಏಜೆಂಟ್ ಹೇಳಿದ್ದು ನಿಜ ಇರೋ ಸಾಧ್ಯತೆ ಜಾಸ್ತಿ. ಯಾಕೆ ಅಂತ ಗೊತ್ತಾಗಬೇಕಾದ್ರೆ ನೂರು ವರ್ಷಕ್ಕಿಂತ ಹಿಂದಕ್ಕೆ ಹೋಗಬೇಕು. ಹೋಗೋ ದಾರಿ ನಿಮಗೆ ಗೊತ್ತಿರೋದೇ. ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ದಾವಣಗೆರೆಯಲ್ಲಿ ಊರೊಳಗಿನ ಹಳೇ ಹೆದ್ದಾರಿಗೆ ಜನ ಇವತ್ತಿಗೂ ಪಿ.ಬಿ. ರಸ್ತೆ ಅಂತಾರಲ್ಲ, ಪೂನಾ-ಬೆಂಗಳೂರು ರಸ್ತೆ, ಅದೇ. ಈಗಿನ ರಾಷ್ಟ್ರೀಯ ಹೆದ್ದಾರಿ 48. ಶಿಗ್ಗಾಂವಿ ಈ ರಸ್ತೆ ಮೇಲೇ ಇದೆ. ಸವಣೂರು ಅದರ ಪೂರ್ವಕ್ಕೆ, ಹಾನಗಲ್ ಪಶ್ಚಿಮಕ್ಕೆ, ಹಿರೇಕೆರೂರು ದಕ್ಷಿಣಕ್ಕೆ.

ಮೊದಲು ಎಂಜಿನ್ ಒಳಗೆ ಇಣುಕೋಣ. ಹೊಲದ ಡೀಸೆಲ್ ಪಂಪ್ ಎಂಜಿನ್ ಕೇಳಿದ್ದೀರಲ್ಲ, ಡುಗ್... ಡುಗ್... ಡುಗ್. ಅದರಲ್ಲಿರೋದು ಒಂದೇ ಸಿಲಿಂಡರ್. ಗಾಳಿ ಎಳ್ಕೊಳ್ಳೋದು, ಒತ್ತೋದು, ಉರಿಸೋದು, ಹೊಗೆ ಹೊರಹಾಕೋದು, ಹೀಗೆ ನಾಲ್ಕು ಹೊಡೆತ. ಅದರಲ್ಲಿ ಶಕ್ತಿ ಕೊಡೋದು ಉರಿಯೋ ಹೊಡೆತ ಒಂದೇ. ಉಳಿದ ಮೂರಕ್ಕೂ ಎಂಜಿನ್ ತನ್ನ ಭಾರದ ಚಕ್ರದ ಓಟದ ಮೇಲೇ ತಿರುಗುತ್ತೆ. ಅದಕ್ಕೇ ಆ ಅದುರಾಟ.

ಹಾನಗಲ್ ಭತ್ತದ ಸೀಮೆ. ಅಲ್ಲಿನ ಅಜ್ಜಿಯರಿಗೆ ಇದನ್ನ ವಿವರಿಸಲೇ ಬೇಕಿಲ್ಲ. ಒಬ್ಬಳೇ ಒನಕೆ ಹಿಡಿದರೆ ಹೊಡೆತಕ್ಕೂ ಹೊಡೆತಕ್ಕೂ ನಡುವೆ ಬಿಡುವು. ಇಬ್ಬರು ಸರದಿಯಲ್ಲಿ ಕುಟ್ಟಿದರೆ ಬಿಡುವು ಕಡಿಮೆ. ಮೂವರು ಸೇರಿದರೆ ಒಬ್ಬಳ ಒನಕೆ ಏಳೋದರೊಳಗೆ ಇನ್ನೊಬ್ಬಳದ್ದು ಬಿದ್ದಿರುತ್ತೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸಿಲಿಂಡರಿನ ಹೊಡೆತ ಮುಗಿಯೋ ಹೊತ್ತಿಗೆ ಸರಿಯಾಗಿ ಇನ್ನೊಂದರದ್ದು ಶುರು. ಆರರಲ್ಲಿ ಒಂದು ಮುಗಿಯೋ ಮುಂಚೆಯೇ ಮುಂದಿನದು ಕೆಲಸಕ್ಕೆ ಇಳಿದಿರುತ್ತೆ. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗ್ತಿದ್ರೆ ನಾಲ್ಕರಲ್ಲಿ 2000 ಹೊಡೆತ, ಆರರಲ್ಲಿ 3000.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಸಾಲಾಗಿ ನಿಂತ ನಾಲ್ಕು ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಮೇಲೆ ಹೋದಾಗ ಇನ್ನೆರಡು ಕೆಳಗಿಳೀತವೆ. ತಕ್ಕಡಿ ಸಮ ಆಯ್ತು ಅನ್ಸುತ್ತೆ, ಆದರೆ ಆಗಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗಿ ತೂಗೋದರಿಂದ ಪಿಸ್ಟನ್ ತನ್ನ ದಾರಿಯ ಮೇಲಿನ ಅರ್ಧದಲ್ಲಿ ಜೋರಾಗಿ, ಕೆಳಗಿನ ಅರ್ಧದಲ್ಲಿ ಸ್ವಲ್ಪ ನಿಧಾನವಾಗಿ ಓಡುತ್ತೆ. ಆ ವ್ಯತ್ಯಾಸ ಕ್ರ್ಯಾಂಕ್‌ನ ಒಂದೊಂದು ಸುತ್ತಿಗೆ ಎರಡೆರಡು ನಡುಕವಾಗಿ ಉಳಿಯುತ್ತೆ. ಸಾಲಾಗಿ ಆರು ನಿಲ್ಲಿಸಿದ್ರೆ? ಒಂದರ ನಡುಕವನ್ನು ಇನ್ನೊಂದು ನುಂಗಿಬಿಡುತ್ತೆ. ಬೇರೆ ಏನೂ ಉಪಕರಣ ಸೇರಿಸದೆ, ಬರೀ ಜೋಡಣೆಯಿಂದಲೇ. ಅಂದ್ರೆ ಆರು ಸಿಲಿಂಡರ್ ಮೊದಲಿಗೆ ದೊಡ್ಡವರ ಕಾರಿಗೆ ಬಂದದ್ದು ಸ್ಪೀಡಿಗಾಗಿ ಅಲ್ಲ, ನಯಕ್ಕಾಗಿ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ.

ಇಂಗ್ಲೆಂಡಿನಲ್ಲಿ ಆರು ಸಿಲಿಂಡರನ್ನು ವ್ಯಾಪಾರಕ್ಕೆ ತಂದು ಗೆದ್ದವರು ನೇಪಿಯರ್ ಕಂಪನಿ, 1904ರ ಸುಮಾರಿಗೆ. ಮಾರೋ ಜವಾಬ್ದಾರಿ ಎಸ್.ಎಫ್. ಎಡ್ಜ್ ಅನ್ನೋ ಚತುರನದ್ದು. ಆದರೆ ಹೊಸ ತಲೆನೋವು ಶುರುವಾಯ್ತು. ಆರು ಸಿಲಿಂಡರ್ ಅಂದ್ರೆ ಉದ್ದನೆಯ ಕ್ರ್ಯಾಂಕ್‌ಶಾಫ್ಟ್. ಒಂದು ನಿರ್ದಿಷ್ಟ ವೇಗದಲ್ಲಿ ಅದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಗಡಗಡ ಅನ್ನೋದು, ಕೆಲವೊಮ್ಮೆ ಮುರಿದೇ ಹೋಗೋದು. ರೋಲ್ಸ್ ರಾಯ್ಸ್‌ನ ಮೊದಲ ಆರು ಸಿಲಿಂಡರ್ ಕಾರಿಗೂ ಇದೇ ಕಾಯಿಲೆ. ಹೆನ್ರಿ ರಾಯ್ಸ್ ಶಾಫ್ಟಿಗೆ ತಿರುಚಾಟ ತಡೆಯೋ ಡ್ಯಾಂಪರ್ ಕೂರಿಸಿ ಅದನ್ನ ಪಳಗಿಸಿದ.

ಆಗ ನಾಲ್ಕು ಸಾಕೋ ಆರು ಬೇಕೋ ಅನ್ನೋ ಜಗಳ ಎಷ್ಟು ಜೋರಿತ್ತು ಅಂದ್ರೆ, 1906ರಲ್ಲಿ ಸ್ಕಾಟ್ಲೆಂಡಿನಲ್ಲಿ ಪಂದ್ಯವೇ ನಡೀತು. ಒಂದು ಕಡೆ ಮಾರ್ಟಿನಿ ಕಂಪನಿಯ ನಾಲ್ಕು ಸಿಲಿಂಡರ್ ಕಾರು, ಕ್ಯಾಪ್ಟನ್ ಡೀಸಿ ಅನ್ನೋರದ್ದು. ಇನ್ನೊಂದು ಕಡೆ ರೋಲ್ಸ್ ರಾಯ್ಸ್‌ನ ಆರು, ಓಡಿಸಿದ್ದು ಆ ಕಂಪನಿಯ ಕ್ಲಾಡ್ ಜಾನ್ಸನ್. ಪತ್ರಿಕೆಗಳಿಗೆ ಅದು ಸಿಲಿಂಡರ್‌ಗಳ ಯುದ್ಧ. ಗೆದ್ದದ್ದು ಆರು. ಅದೇ ವರ್ಷ ರೋಲ್ಸ್ ರಾಯ್ಸ್‌ನ ನಾಲ್ಕು ಸಿಲಿಂಡರ್ ಕಾರೊಂದು ಟೂರಿಸ್ಟ್ ಟ್ರೋಫಿ ರೇಸ್ ಗೆದ್ದಿತ್ತು ಅನ್ನೋದನ್ನ ಮಾತ್ರ ಜನ ಮರೆತುಬಿಟ್ಟರು! ಮುಂದೆ ಬಂದದ್ದು 7 ಲೀಟರಿನ, ಆರು ಸಿಲಿಂಡರಿನ ಸಿಲ್ವರ್ ಘೋಸ್ಟ್. ಸದ್ದೇ ಇಲ್ಲದ ಕಾರು ಅಂತ ಹೆಸರಾಯ್ತು.

ಅದು ನಮ್ಮ ರಸ್ತೆಗೂ ಬಂತು. 1908ರಲ್ಲಿ ಮುಂಬೈನಿಂದ ಕೊಲ್ಹಾಪುರದವರೆಗೆ ಕಾರುಗಳ ಪರೀಕ್ಷೆ ನಡೀತು. ಸುಮಾರು 620 ಮೈಲಿ, ಆರು ಘಾಟಿ. 'ಪರ್ಲ್ ಆಫ್ ದಿ ಈಸ್ಟ್' ಅಂತ ಹೆಸರಿಟ್ಟಿದ್ದ ಒಂದು ಸಿಲ್ವರ್ ಘೋಸ್ಟ್ ಅಲ್ಲಿ ಗೆದ್ದಿತು. ಕೊನೆಗೆ ಅದನ್ನ ಕೊಂಡದ್ದು ಗ್ವಾಲಿಯರ್ ಮಹಾರಾಜರು. ಪುಣೆಯಿಂದ ಕೊಲ್ಹಾಪುರದ ಕಡೆ ಬರೋ ಆ ದಾರಿಯೇ ಮುಂದುವರಿದು ಬೆಳಗಾವಿ, ಧಾರವಾಡ, ಹುಬ್ಬಳ್ಳಿ ದಾಟಿ ಶಿಗ್ಗಾಂವಿಗೆ ಬರುತ್ತೆ. ಆಗ ಈ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ನಡುವೆ ಸವಣೂರು ನವಾಬರ ಪುಟ್ಟ ಸಂಸ್ಥಾನ, 1948ರಲ್ಲಿ ವಿಲೀನವಾಗೋವರೆಗೂ ಅದು ಇತ್ತು. ಗ್ವಾಲಿಯರ್, ಮೈಸೂರಿನಂಥ ದೊಡ್ಡ ಅರಮನೆಗಳಿಂದಾಗಿ ಆರು ಸಿಲಿಂಡರ್ ಅಂದ್ರೆ ರಾಜಠೀವಿ ಅನ್ನೋ ಭಾವನೆ ನಮ್ಮಲ್ಲಿ ಗಟ್ಟಿಯಾಯ್ತು.

ಆ ಠೀವಿ ಅಮೆರಿಕದಲ್ಲಿ ಬಹಳ ದಿನ ಉಳೀಲಿಲ್ಲ. 1929ರಲ್ಲಿ ಷೆವರ್ಲೆ ಕಂಪನಿ ಆರು ಸಿಲಿಂಡರಿನ ಕಾರನ್ನು ನಾಲ್ಕರ ಬೆಲೆಗೆ ಕೊಡ್ತೀವಿ ಅಂತ ಮಾರುಕಟ್ಟೆಗೆ ಇಳೀತು. 3.2 ಲೀಟರ್, 46 ಕುದುರೆ ಶಕ್ತಿ. ಫೋರ್ಡ್ 1932ರಲ್ಲಿ ಎಂಟು ಸಿಲಿಂಡರಿನಿಂದ ಉತ್ತರ ಕೊಡ್ತು. ಜನರಲ್ ಮೋಟಾರ್ಸ್ 1928ರಿಂದಲೇ ಮುಂಬೈನಲ್ಲಿ ಷೆವರ್ಲೆ ಜೋಡಿಸ್ತಾ ಇತ್ತು. ಇಪ್ಪತ್ತು ವರ್ಷದ ಹಿಂದೆ ಅರಮನೆಯ ವಸ್ತು ಆಗಿದ್ದದ್ದು ಸಾಮಾನ್ಯ ಗಿರಾಕಿಯ ಕಾರಿಗೆ ಬಂದುಬಿಡ್ತು. ಅಂದ್ರೆ ಆರು ಅನ್ನೋ ಸಂಖ್ಯೆಗೆ ತನ್ನದೇ ಅಂತ ಯಾವ ಅಂತಸ್ತೂ ಇರಲಿಲ್ಲ. ಪೆಟ್ರೋಲ್ ಅಗ್ಗ ಇದ್ದಲ್ಲಿ ಆರು ಸಾಮಾನ್ಯ, ತುಟ್ಟಿ ಇದ್ದಲ್ಲಿ ಐಷಾರಾಮಿ.

ನಮ್ಮಲ್ಲಿ ತುಟ್ಟಿ. ಸ್ವಾತಂತ್ರ್ಯದ ನಂತರ ಭಾರತದಲ್ಲಿ ಮಂತ್ರಿ, ಡಿ.ಸಿ., ಎಸ್.ಪಿ., ಮದುವೆ ಗಂಡು ಎಲ್ಲರೂ ಕೂತದ್ದು ನಾಲ್ಕು ಸಿಲಿಂಡರಿನ ಅಂಬಾಸಿಡರ್‌ನಲ್ಲೇ. ಕೆಂಪು ದೀಪ ಇದ್ದರೆ ಸಾಕಿತ್ತು, ಸಿಲಿಂಡರ್ ಎಷ್ಟು ಅಂತ ಯಾರು ಕೇಳ್ತಿದ್ರು? 1995ರಲ್ಲಿ ಮರ್ಸಿಡಿಸ್ ಪುಣೆಯಲ್ಲಿ ಕಾರು ಜೋಡಿಸೋಕೆ ಶುರು ಮಾಡಿತು. ಇ220 ಅನ್ನೋ ಆ ಕಾರಿನದೂ ನಾಲ್ಕೇ ಸಿಲಿಂಡರ್. ಆದರೂ ಪಿ.ಬಿ. ರಸ್ತೆಯಲ್ಲಿ ಅದು ಹಾದುಹೋದರೆ ಚಹಾದಂಗಡಿ ಮುಂದೆ ಕೂತವರು ತಿರುಗಿ ನೋಡೋರು. ನೋಡ್ತಿದ್ದದ್ದು ಮೂತಿಯ ಮೇಲಿನ ನಕ್ಷತ್ರವನ್ನ.

ಈಗ ಮಾಮಾ ನೋಡಿದ ಕಾರಿಗೆ ಬರೋಣ. ಬಿಎಂಡಬ್ಲ್ಯು ಅಂದ್ರೆ ಸಾಲು ಆರು ಸಿಲಿಂಡರಿಗೇ ಹೆಸರಾದ ಕಂಪನಿ. 1917ರಲ್ಲಿ ವಿಮಾನಕ್ಕೆ ಮಾಡಿದ ಎಂಜಿನ್ನೂ ಆರೇ, 1933ರ 303 ಕಾರಿನದೂ ಆರೇ. ಅದರ ಹೆಸರಿನ ಲೆಕ್ಕ ಮೊದಲು ಹೆಚ್ಚುಕಮ್ಮಿ ನೇರ ಇತ್ತು. 530 ಅಂದ್ರೆ 5 ಸೀರೀಸ್, 3.0 ಲೀಟರ್. 2000ನೇ ಇಸವಿ ಸುಮಾರಿನ 530ಐ ಕಾರಿನಲ್ಲಿ 3 ಲೀಟರಿನ ಆರು ಸಿಲಿಂಡರ್, 231 ಕುದುರೆ ಶಕ್ತಿ, 300 ನ್ಯೂಟನ್ ಮೀಟರ್ ಟಾರ್ಕ್. 2017ರ 530ಐ ಕಾರಿನಲ್ಲಿ 2 ಲೀಟರಿನ ನಾಲ್ಕು ಸಿಲಿಂಡರ್, ಆದರೆ 252 ಕುದುರೆ ಶಕ್ತಿ, 350 ಟಾರ್ಕ್. ಎರಡು ಸಿಲಿಂಡರ್ ಕಳ್ಕೊಂಡು ಶಕ್ತಿ ಮಾತ್ರ ಏರಿದೆ. ಇದು ಟರ್ಬೋ ಮಾಡಿದ ಕೆಲಸ, ಹೊಗೆಯಾಗಿ ಹೋಗೋ ಬಿಸಿ ಗಾಳಿಯಿಂದಲೇ ಚಕ್ರ ತಿರುಗಿಸಿ ಒಳಗೆ ಗಾಳಿ ತುರುಕೋದು. ಸಂಖ್ಯೆ ಆಗ ಎಂಜಿನ್ನಿನ ಅಳತೆಯಾಗಿತ್ತು, ಈಗ ಅಂತಸ್ತಿನ ಅಳತೆ.

525ಡಿ ಆ ಬದಲಾವಣೆಯ ನಟ್ಟನಡುವೆ ಸಿಕ್ಕಿಹಾಕಿಕೊಂಡ ಕಾರು. ಆ ಪೀಳಿಗೆಯ 5 ಸೀರೀಸ್ 2010ರಲ್ಲಿ ಬಂದಾಗ 525ಡಿಯಲ್ಲಿ 3 ಲೀಟರಿನ ಆರು ಸಿಲಿಂಡರ್ ಡೀಸೆಲ್, 204 ಕುದುರೆ ಶಕ್ತಿ. 2011ರ ಕೊನೆಗೆ ಕಂಪನಿ ಅದನ್ನ ತೆಗೆದು 2 ಲೀಟರಿನ ನಾಲ್ಕು ಸಿಲಿಂಡರ್ ಇಟ್ಟಿತು, ಎರಡು ಟರ್ಬೋ, 218 ಕುದುರೆ ಶಕ್ತಿ. ಬ್ಯಾಡ್ಜ್ ಬದಲಾಗಲಿಲ್ಲ. ಮರ್ಸಿಡಿಸ್ ಕೂಡ ಅದೇ ಹೊತ್ತಿಗೆ ತನ್ನ ಅತಿ ದೊಡ್ಡ ಎಸ್-ಕ್ಲಾಸ್‌ಗೆ ಮೊದಲ ಬಾರಿಗೆ ನಾಲ್ಕು ಸಿಲಿಂಡರ್ ಡೀಸೆಲ್ ಹಾಕಿತ್ತು. ಯುರೋಪಿನ ಹೊಗೆ ನಿಯಮಗಳು ಬಿಗಿಯಾಗ್ತಿದ್ದ ಕಾಲ ಅದು.

ಹಾಗಾದ್ರೆ ಆ ನಡುಕ ಎಲ್ಲಿ ಹೋಯ್ತು? ಪೂರ್ತಿ ಹೋಗಿಲ್ಲ. ಫ್ರೆಡ್ರಿಕ್ ಲ್ಯಾಂಚೆಸ್ಟರ್ ಅನ್ನೋ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ ನೂರು ವರ್ಷದ ಹಿಂದೆಯೇ ಮದ್ದು ಹೇಳಿದ್ದ: ಕ್ರ್ಯಾಂಕ್‌ಗಿಂತ ಎರಡು ಪಟ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗೋ ಎರಡು ಶಾಫ್ಟ್. 1970ರ ದಶಕದಲ್ಲಿ ಮಿತ್ಸುಬಿಷಿ ಅದನ್ನ ಸುಧಾರಿಸಿತು. ಆಮೇಲೆ ಪೋರ್ಶೆಯಂಥ ಪೋರ್ಶೆಯೇ ತನ್ನ 944 ಕಾರಿನ ನಾಲ್ಕು ಸಿಲಿಂಡರ್ ನಯವಾಗಲಿ ಅಂತ ಮಿತ್ಸುಬಿಷಿಗೆ ದುಡ್ಡು ಕೊಟ್ಟಿತು.

ನಮ್ಮ ದೇಶದಲ್ಲಿ ಇನ್ನೊಂದು ಕಾರಣ ಕೂಡಿಕೊಂಡಿತು, ಕೋರ್ಟು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. 2016ರ ಆಗಸ್ಟ್‌ನಲ್ಲಿ ಶೇ 1 ಪರಿಸರ ಶುಲ್ಕದ ಮೇಲೆ ಬಿಟ್ಟುಕೊಟ್ಟಿತು. ಆ ಎಂಟು ತಿಂಗಳು 2143 ಸಿಸಿಯ ಮರ್ಸಿಡಿಸ್ ಸಿಕ್ಕಿಹಾಕಿಕೊಂಡಿತು. 1995 ಸಿಸಿಯ ಬಿಎಂಡಬ್ಲ್ಯು ತಪ್ಪಿಸಿಕೊಂಡಿತು. ಐದು ಸಿಸಿಯಿಂದ!

ಇವತ್ತು ಬಿಡದಿಗೆ ಹೋಗಿ ನೋಡಿ. 2020ರಿಂದ ಅಲ್ಲಿ ಲೆಕ್ಸಸ್ ಇಎಸ್ 300ಎಚ್ ಜೋಡಣೆಯಾಗಿದೆ. ಹಿಂದೆ ಇಎಸ್ 300 ಅಂದ್ರೆ 3 ಲೀಟರಿನ ವಿ6. ಬಿಡದಿಯ 300ಎಚ್‌ನಲ್ಲಿರೋದು 2.5 ಲೀಟರಿನ ನಾಲ್ಕು ಸಿಲಿಂಡರ್, ಜೊತೆಗೆ ವಿದ್ಯುತ್ ಮೋಟಾರು. ಟ್ರಾಫಿಕ್ಕಲ್ಲಿ ಎಂಜಿನ್ ಆಫ್ ಆಗಿ ಮೋಟಾರು ಎಳೀತಿರೋವಾಗ ಸಿಲ್ವರ್ ಘೋಸ್ಟ್‌ಗಿಂತ ಸದ್ದು ಕಡಿಮೆ. ಆರು ಸಿಲಿಂಡರ್ ಯಾವ ನಯಕ್ಕಾಗಿ ಹುಟ್ಟಿತೋ ಆ ನಯ ಬ್ಯಾಟರಿಯಿಂದ ಸಿಗ್ತಿದೆ.

ಆದರೂ ಆರು ಸತ್ತಿಲ್ಲ. 1990ರ ದಶಕದ ಕೊನೆಗೆ ಸಾಲು ಆರನ್ನ ಬಿಟ್ಟು ವಿ6 ಹಿಡಿದಿದ್ದ ಮರ್ಸಿಡಿಸ್, 2017ರಲ್ಲಿ ಮತ್ತೆ ಸಾಲು ಆರಕ್ಕೆ ವಾಪಸ್ ಬಂತು. ಅದೇ ಕಂಪನಿ 2022ರಲ್ಲಿ ತನ್ನ ಸಿ63 ಎಎಂಜಿಯ ವಿ8 ತೆಗೆದು, ವಿದ್ಯುತ್ ಮೋಟಾರಿನ ಜೊತೆ 2 ಲೀಟರಿನ ನಾಲ್ಕು ಸಿಲಿಂಡರ್ ಕೂರಿಸಿದಾಗ ಒಟ್ಟು ಶಕ್ತಿ 670 ಕುದುರೆ ದಾಟಿತು, ಅಭಿಮಾನಿಗಳು ಮಾತ್ರ ಗೊಣಗಿದರು. ಕಿವಿಗೆ ಅದರದೇ ಒಂದು ಲೆಕ್ಕ ಇರುತ್ತೆ.

ಹಾಗಾದ್ರೆ ಮಾಮಾ ಯಾವುದನ್ನ ತಗೋಬೇಕು? ನನ್ನ ಅಭಿಪ್ರಾಯ ಹೇಳ್ತೀನಿ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಎರಡರ ನಡುವಿನ ವ್ಯತ್ಯಾಸ ಟೈರ್ ಸದ್ದಿನಲ್ಲಿ ಮುಳುಗಿಹೋಗುತ್ತೆ. ಗೊತ್ತಾಗೋದು ಟೋಲ್‌ನಲ್ಲಿ ನಿಂತಾಗ, ಇಲ್ಲಾ ಓವರ್‌ಟೇಕ್ ಮಾಡೋಕೆ ಜೋರಾಗಿ ಕಾಲು ಒತ್ತಿದಾಗ. ಆಗ ಆರು ಹಾಡುತ್ತೆ, ನಾಲ್ಕು ಕಷ್ಟಪಡುತ್ತೆ. ಆ ಹಾಡಿಗೆ ಬೆಲೆ ಇದೆ. ಇಂಜೆಕ್ಟರ್ ನಾಲ್ಕರ ಬದಲು ಆರು, ಆಯಿಲ್ ಜಾಸ್ತಿ. ಎರಡೂ ಎಂಜಿನ್ ಒಂದೇ ಕುಟುಂಬದವು, ಟೈಮಿಂಗ್ ಚೈನ್ ಎರಡರಲ್ಲೂ ಗೇರ್‌ಬಾಕ್ಸ್ ಕಡೆಗಿದೆ. ಅಂದ್ರೆ ಚೈನ್ ಕೆಲಸ ಬಂದರೆ ಎರಡರಲ್ಲೂ ದೊಡ್ಡ ಬಿಚ್ಚಾಟ, ದೊಡ್ಡ ಬಿಲ್ಲು. ಇನ್ನೊಂದು, ಖಾಸಗಿ ಕಾರಿನ ಆರ್‌ಸಿ ಅವಧಿ 15 ವರ್ಷ. 2011ರ ಕಾರಿಗೆ ಅದು 2026ಕ್ಕೆ ಮುಗಿಯುತ್ತೆ, ಮುಂದೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು. ಬರೀ "ಆರು" ಅನ್ನೋ ಮಾತಿಗೆ ಹಳೇ ಕಾರಿಗೆ ಹೆಚ್ಚು ದುಡ್ಡು ಕೊಡೋದು ನನಗೆ ಸರಿ ಕಾಣಲ್ಲ. ಕಾರು ಚೆನ್ನಾಗಿ ಸಾಕಿದ್ದಾಗಿದ್ದು, ಸರ್ವಿಸ್ ದಾಖಲೆ ಪೂರ್ತಿ ಇದ್ದು, ಮಾಮಾಗೆ ಆ ಸದ್ದು ನಿಜಕ್ಕೂ ಬೇಕಿದ್ರೆ ಮಾತು ಬೇರೆ.

ಏಜೆಂಟ್ ಹೇಳಿದ್ದು ನಿಜವೋ ಅಲ್ವೋ ನೋಡೋಕೆ ಬಾನೆಟ್ ಎತ್ತೋದೂ ಬೇಡ. ಆರ್‌ಸಿ ಕಾರ್ಡ್ ಕೇಳಿ. ಅದರಲ್ಲಿ ಸಿಲಿಂಡರ್ ಎಷ್ಟು, ಸಿಸಿ ಎಷ್ಟು ಅಂತ ಇರುತ್ತೆ. 2993 ಸಿಸಿ ಇದ್ರೆ ಆರು, 1995 ಇದ್ರೆ ನಾಲ್ಕು. ನೋಡಿದ ಮೇಲೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸು ತಮ್ಮಾ, ಮಾಮಾ ಯಾವುದನ್ನ ಮನೆಗೆ ತಂದ್ರು ಅಂತ.