ಬಿದ್ದರೆ ಎತ್ತುವವರು ಯಾರು?



ಓದುವುದನ್ನು ಒಂದು ನಿಮಿಷ ನಿಲ್ಲಿಸಿ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬಳಿಕ ಅದೇ ನಾಲ್ಕು ಹೆಜ್ಜೆಗಳನ್ನು ಸಾಧ್ಯವಾದಷ್ಟು ನಿಧಾನವಾಗಿ ಇಟ್ಟು ನೋಡಿ. ಕಾಲೆತ್ತುವ ಮೊದಲು ಮೈಭಾರವನ್ನೆಲ್ಲ ಇನ್ನೊಂದು ಕಾಲಿನ ಮೇಲೆ ತಂದುಕೊಳ್ಳದಿದ್ದರೆ ನೀವು ವಾಲುತ್ತೀರಿ. ಮಾಮೂಲು ನಡಿಗೆಯಲ್ಲಿ ಈ ಎಚ್ಚರ ಬೇಕಾಗುವುದಿಲ್ಲ. ಅಲ್ಲಿ ಪ್ರತಿ ಹೆಜ್ಜೆಗೂ ದೇಹ ಮುಂದಕ್ಕೆ ಬೀಳತೊಡಗುತ್ತದೆ. ಬೀಳುವಷ್ಟರಲ್ಲಿ ಇನ್ನೊಂದು ಕಾಲು ಬಂದು ಅದನ್ನು ತಡೆಯುತ್ತದೆ. ನಿಧಾನದ ನಡಿಗೆಯನ್ನು ಸ್ಥಿರ ನಡಿಗೆ ಎಂದೂ ಮಾಮೂಲು ನಡಿಗೆಯನ್ನು ಚಲನಶೀಲ ನಡಿಗೆ ಎಂದೂ ಕರೆಯಬಹುದು.

ಯಂತ್ರಗಳು ನಡೆಯಲು ಕಲಿತದ್ದೂ ಇದೇ ಕ್ರಮದಲ್ಲಿ. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ತಂಡ 1973ರಲ್ಲಿ ಸಿದ್ಧಪಡಿಸಿದ ವಾಬಾಟ್-1 ಎಂಬ ಯಂತ್ರಮಾನವ ಒಂದು ಹೆಜ್ಜೆಗೆ ಸುಮಾರು 45 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಹನ್ನೊಂದು ವರ್ಷಗಳ ನಂತರ, 1984ರಲ್ಲಿ, ಅದೇ ವಿಶ್ವವಿದ್ಯಾಲಯದ ಇನ್ನೊಂದು ಯಂತ್ರ ಸುಮಾರು ಒಂದೂವರೆ ಸೆಕೆಂಡಿಗೆ ಒಂದು ಹೆಜ್ಜೆ ಇಟ್ಟಿತು. ಬೀಳುವುದನ್ನೇ ಬಳಸಿಕೊಂಡು ನಡೆಯುವ ವಿದ್ಯೆ ಅದಕ್ಕೆ ಸಿದ್ಧಿಸಿತ್ತು.

ನಡೆಯಲು ಬಂದ ಮೇಲೆ ಪಂದ್ಯಕ್ಕೆ ಬಿಡುವ ಆಸೆ ಸಹಜವೇ. ಆದರೆ ಪಂದ್ಯಕ್ಕೆ ನಿಯಮ ಬೇಕು. ಮನುಷ್ಯರ ನಡಿಗೆ ಸ್ಪರ್ಧೆಯಲ್ಲಿ ಎರಡು ಮುಖ್ಯ ನಿಯಮಗಳಿವೆ. ಎರಡೂ ಪಾದಗಳು ನೆಲ ಬಿಟ್ಟಿರುವುದು ತೀರ್ಪುಗಾರರ ಕಣ್ಣಿಗೆ ಬೀಳಬಾರದು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ನೆಟ್ಟಗೆ ನಿಲ್ಲುವವರೆಗೆ ಅದರ ಮಂಡಿ ಮಡಿಸಬಾರದು. ಯಂತ್ರಗಳ ವಿಷಯದಲ್ಲಿ ಪ್ರಶ್ನೆಗಳು ಇನ್ನೂ ಮೂಲಭೂತ. ಎಷ್ಟು ಕಾಲು? ಚಕ್ರ ಇರಬಹುದೆ? ಶಕ್ತಿ ಎಲ್ಲಿಂದ? ದಾರಿ ತೋರಿಸುವವರು ಯಾರು? ಎಲ್ಲಕ್ಕಿಂತ ಮಿಗಿಲಾಗಿ, ಬಿದ್ದರೆ ಎತ್ತುವವರು ಯಾರು?

2011ರ ಫೆಬ್ರವರಿಯಲ್ಲಿ ಜಪಾನಿನ ಒಸಾಕಾದಲ್ಲಿ ಎರಡು ಕಾಲಿನ ರೋಬಾಟ್‌ಗಳ ಪೂರ್ಣ ಮ್ಯಾರಥಾನ್ ನಡೆಯಿತು. ದೂರ 42.195 ಕಿಲೋಮೀಟರ್. ಮನೆಯೊಳಗೆ ಹಾಕಿದ 100 ಮೀಟರಿನ ಪಥವನ್ನೇ ನಾನೂರಕ್ಕೂ ಹೆಚ್ಚು ಸಲ ಸುತ್ತಬೇಕು. ಬ್ಯಾಟರಿ ಬದಲಿಸಬಹುದು, ರಿಪೇರಿ ಮಾಡಬಹುದು. ಆದರೆ ಬಿದ್ದ ರೋಬಾಟ್ ತಾನಾಗಿಯೇ ಎದ್ದು ನಿಲ್ಲಬೇಕು. ಸುಮಾರು 40 ಸೆಂಟಿಮೀಟರ್ ಎತ್ತರದ ರೋಬೋವಿ-ಪಿಸಿ ಎಂಬ ರೋಬಾಟ್ 54 ಗಂಟೆ 57 ನಿಮಿಷ 50 ಸೆಕೆಂಡುಗಳಲ್ಲಿ ಮೊದಲು ಗುರಿ ಮುಟ್ಟಿತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 21 ಸೆಂಟಿಮೀಟರ್ ವೇಗ. ಇಷ್ಟೆಲ್ಲ ನಡೆದ ಮೇಲೂ ಎರಡನೆಯ ರೋಬಾಟ್ ಹಿಂದೆ ಬಿದ್ದದ್ದು ಎರಡು ಸೆಕೆಂಡಿಗೂ ಕಡಿಮೆ!

ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಆ್ಯಂಡಿ ರುಯಿನಾ ಅವರ ತಂಡ ಬೇರೊಂದು ನಿಯಮವನ್ನು ತನಗೆ ತಾನೇ ಹಾಕಿಕೊಂಡಿತು. ಬ್ಯಾಟರಿ ಬದಲಿಸುವಂತಿಲ್ಲ, ನಡುವೆ ಚಾರ್ಜ್ ಮಾಡುವಂತಿಲ್ಲ, ಯಾರೂ ಮುಟ್ಟುವಂತಿಲ್ಲ. ರೇಂಜರ್ ಎಂಬ ಅವರ ಯಂತ್ರ ಸುಮಾರು 31 ಗಂಟೆಗಳಲ್ಲಿ 65.2 ಕಿಲೋಮೀಟರ್ ನಡೆಯಿತು. ಅದು ಬಳಸಿದ ವಿದ್ಯುತ್ತು ಅರ್ಧ ಯೂನಿಟ್ಟಿನಷ್ಟು. ಆದರೆ ಇದರಲ್ಲೂ ಒಂದು ರಿಯಾಯಿತಿ ಇತ್ತು. ರೇಂಜರ್‌ಗೆ ನಾಲ್ಕು ಕಾಲು. ಹೊರಗಿನೆರಡು ಒಂದು ಜೋಡಿ, ಒಳಗಿನೆರಡು ಇನ್ನೊಂದು ಜೋಡಿ. ಹೀಗಾಗಿ ಅದು ಪಕ್ಕಕ್ಕೆ ಬೀಳುವ ಭಯವಿರಲಿಲ್ಲ. ದಾರಿ ತಿರುಗಿಸಲು ರಿಮೋಟ್ ಹಿಡಿದ ಮನುಷ್ಯನಿದ್ದ.

ಇವೆರಡರಲ್ಲಿ ಯಾವುದು ಹೆಚ್ಚು? ಈ ಪ್ರಶ್ನೆಯೇ ತಪ್ಪು. ಒಂದು ನಿಯಮ ಏಳುವ ಶಕ್ತಿಯನ್ನು ಪರೀಕ್ಷಿಸಿತು, ಇನ್ನೊಂದು ಮಿತವ್ಯಯವನ್ನು. ಯಂತ್ರಗಳ ಮೈಕಟ್ಟು ಬೇರೆಯಾದದ್ದೂ ಅದಕ್ಕೇ.

ಒಸಾಕಾದ ಪಂದ್ಯ ಮುಗಿದು ಸುಮಾರು ಎರಡು ವಾರಗಳಲ್ಲಿ, 2011ರ ಮಾರ್ಚ್ 11ರಂದು, ಜಪಾನಿನಲ್ಲಿ ಭೂಕಂಪ, ಸುನಾಮಿ, ಅದರ ಬೆನ್ನಿಗೇ ಫುಕುಶಿಮಾ ಅಣುಸ್ಥಾವರದ ದುರಂತ ಸಂಭವಿಸಿತು. ವಿಕಿರಣ ತುಂಬಿದ ಕಟ್ಟಡದಲ್ಲಿ ಯಂತ್ರವೊಂದು ಬಿದ್ದರೆ ಅದನ್ನು ಎತ್ತಲು ಯಾರು ಹೋಗಬೇಕು? ಆಟದ ಅಂಗಳದ ನಿಯಮ ಈಗ ಜೀವದ ಪ್ರಶ್ನೆಯಾಗಿತ್ತು.

ಈ ದುರಂತದ ಪಾಠದಿಂದಲೇ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಸ್ಪರ್ಧೆ ಏರ್ಪಡಿಸಿತು. 2013ರ ಪ್ರಾಥಮಿಕ ಸುತ್ತಿನಲ್ಲಿ ರೋಬಾಟ್ ಬೀಳದಂತೆ ಮೇಲಿನಿಂದ ಹಗ್ಗ ಕಟ್ಟಲು ಅವಕಾಶವಿತ್ತು. 2015ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದ ಅಂತಿಮ ಸುತ್ತಿನಲ್ಲಿ ಹಗ್ಗ ಇಲ್ಲ. ಬಿದ್ದು ಏಳಲಾರದೆ ಮನುಷ್ಯರ ಸಹಾಯ ಪಡೆದರೆ ಹತ್ತು ನಿಮಿಷ ದಂಡ. ಹಲವು ರೋಬಾಟ್‌ಗಳು ದೊಪ್ಪನೆ ಉರುಳಿದವು. ಗೆದ್ದದ್ದು ದಕ್ಷಿಣ ಕೊರಿಯಾದ ಹ್ಯೂಬೋ. ಅದರ ಮಂಡಿಯಲ್ಲಿ ಚಕ್ರಗಳಿದ್ದವು! ಸಮತಟ್ಟಾದ ನೆಲದಲ್ಲಿ ಮಂಡಿಯೂರಿ ಉರುಳಿಕೊಂಡು ಸಾಗುತ್ತಿತ್ತು, ಮೆಟ್ಟಿಲು ಬಂದಾಗ ಕಾಲೂರಿ ನಿಲ್ಲುತ್ತಿತ್ತು. ಇದು ಮೋಸವಲ್ಲ. ನಡೆದೇ ಹೋಗಬೇಕೆಂದು ನಿಯಮ ಹೇಳಿರಲಿಲ್ಲ. ಕೆಲಸ ಮುಗಿಸಬೇಕೆಂದಷ್ಟೇ ಹೇಳಿತ್ತು.

ನಡೆದೇ ಹೋಗಬೇಕಾದರೆ ಅದನ್ನು ಬರೆಯಬೇಕು. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ ರೋಬೋಕಾನ್ ಕಾಲೇಜು ವಿದ್ಯಾರ್ಥಿಗಳಿಗಾಗಿ 2002ರಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಅದು ದೂರದರ್ಶನದ ಆಶ್ರಯದಲ್ಲಿ ಬೆಳೆಯಿತು. 2019ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ನಡೆದ ಸ್ಪರ್ಧೆಗೆ ಅಲ್ಲಿನ ಹಳೆಯ ಕುದುರೆ ಅಂಚೆಯೇ ವಸ್ತು. ಮೊದಲ ರೋಬಾಟ್ ತಂದ ರಹದಾರಿಯನ್ನು ಎರಡನೆಯದು ಪಡೆದು ಮುಂದೆ ಒಯ್ಯಬೇಕು. ಆ ಎರಡನೆಯದು ಕುದುರೆಯಂತೆ ನಾಲ್ಕು ಕಾಲಲ್ಲೇ ನಡೆಯಬೇಕು, ಚಕ್ರ ಸಲ್ಲದು. ಈ ಒಂದು ಸಾಲಿಗಾಗಿ ಎಷ್ಟೋ ಕಾಲೇಜುಗಳ ಹುಡುಗ ಹುಡುಗಿಯರು ಚಕ್ರ ಕಳಚಿಟ್ಟು ಕಾಲು ಕಟ್ಟಲು ಕುಳಿತರು.

2025ರ ಏಪ್ರಿಲ್ 19ರಂದು ಬೀಜಿಂಗ್‌ನಲ್ಲಿ ಮನುಷ್ಯರ ಅರ್ಧ ಮ್ಯಾರಥಾನಿನ ಪಕ್ಕದ ಪಥದಲ್ಲೇ ಇಪ್ಪತ್ತಕ್ಕೂ ಹೆಚ್ಚು ರೋಬಾಟ್‌ಗಳು ಓಡಿದವು. ಎರಡು ಕಾಲಿರಬೇಕು, ಚಕ್ರ ಇರಬಾರದು. ಬ್ಯಾಟರಿ ಬದಲಿಸಬಹುದು, ಇಡೀ ರೋಬಾಟನ್ನೇ ಬದಲಿಸಿದರೆ ಸಮಯದ ದಂಡ. ಗೆದ್ದ ತಿಯಾನ್‌ಗಾಂಗ್ ಅಲ್ಟ್ರಾ 21 ಕಿಲೋಮೀಟರ್ ದೂರವನ್ನು 2 ಗಂಟೆ 40 ನಿಮಿಷ 42 ಸೆಕೆಂಡುಗಳಲ್ಲಿ ಮುಗಿಸಿತು. ದಾರಿಯಲ್ಲಿ ಮೂರು ಸಲ ಬ್ಯಾಟರಿ ಬದಲಾಯಿತು, ಒಂದು ಸಲ ಬಿತ್ತು.

ಟೆಲಿವಿಷನ್ ನಿರ್ಮಾಪಕನಾದ ನಾನು ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪಂದ್ಯದ ದೃಶ್ಯಗಳನ್ನು ಸಂಕಲನ ಮಾಡುವಾಗ ನಮ್ಮ ಕೈ ಮೊದಲು ಹೋಗುವುದು ಗೆರೆ ದಾಟುವ ದೃಶ್ಯಕ್ಕೆ. ಬ್ಯಾಟರಿ ಬದಲಿಸಿದ್ದು, ಪಕ್ಕದಲ್ಲಿ ಏದುಸಿರು ಬಿಡುತ್ತ ಓಡಿದ ಎಂಜಿನಿಯರ್, ಎಲ್ಲ ಕತ್ತರಿಗೆ ಸಿಗುತ್ತವೆ. ಪರದೆಯ ಮೇಲೆ ಉಳಿಯುವುದು ಒಂದು ಗೆಲುವು, ಒಂದು ಸಮಯ. ಯಂತ್ರಕ್ಕೆ ಇನ್ನೂ ಏನು ಬಾರದು ಎಂಬುದು ಆ ಕತ್ತರಿಸಿದ ಭಾಗದಲ್ಲಿರುತ್ತದೆ. ನಿಯಮಗಳ ರಿಯಾಯಿತಿಗಳಲ್ಲಿಯೂ ಇರುತ್ತದೆ.

ಆದ್ದರಿಂದ ಇಂಥ ಸುದ್ದಿ ನೋಡಿದಾಗ ಫಲಿತಾಂಶಕ್ಕಿಂತ ಮೊದಲು ನಿಯಮ ಕೇಳಿ. ಮುಂದೆ ನಿಮ್ಮ ಕಾಲೇಜಿನಲ್ಲೇ ಇಂಥ ಪಂದ್ಯ ಏರ್ಪಟ್ಟರೆ, ಬಹುಮಾನ ಗೊತ್ತುಮಾಡುವ ಮುಂಚೆ ಆ ಐದು ಪ್ರಶ್ನೆಗಳಿಗೆ ಉತ್ತರ ಬರೆದು ಗೋಡೆಗೆ ಅಂಟಿಸಿ: ಕಾಲೆಷ್ಟು, ಚಕ್ರ ಉಂಟೆ, ಶಕ್ತಿ ಎಲ್ಲಿಂದ, ದಾರಿ ತೋರಿಸುವವರು ಯಾರು, ಬಿದ್ದರೆ ಎತ್ತುವವರು ಯಾರು. ಸ್ಪರ್ಧಿಗಳು ಕಟ್ಟಲಿರುವ ಯಂತ್ರದ ಅರ್ಧ ನಕ್ಷೆಯನ್ನು ಅಲ್ಲಿಗೆ ನೀವೇ ಬರೆದಂತಾಗುತ್ತದೆ.