ಮಾತಾಡದ ಮೋಡೆಮ್, ಕೂಡದ ಒತ್ತಕ್ಷರ

1996ರಲ್ಲಿ 'ಪಿಸಿ ಕ್ವೆಸ್ಟ್' ಪತ್ರಿಕೆಯ ಒಂದು ಸಂಚಿಕೆಯ ಜೊತೆ ಓದುಗರ ಕೈಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ತುಂಬಿದ ಸಿಡಿಯೊಂದು ಬಂತು. ಆ ಪ್ರಯತ್ನದ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಫೋನ್ ತಂತಿಯಲ್ಲಿ ತೆವಳಿಕೊಂಡು ಬರುವ ಸಂಪರ್ಕದಿಂದ ಇಡೀ ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಳ್ಳುವ ಮಾತೇ ಇರಲಿಲ್ಲ. ಹೀಗಾಗಿ ಲಿನಕ್ಸ್ ಅನೇಕರ ಮನೆ ಸೇರಿದ್ದು ಪತ್ರಿಕೆಯ ಪ್ಲಾಸ್ಟಿಕ್ ಚೀಲದೊಳಗೆ ಕೂತು. ಒಬ್ಬರು ಕೊಂಡ ಸಿಡಿ ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು.

ಸಿಡಿ ಹಾಕಿದ ಕೂಡಲೇ ಕೆಲಸ ಮುಗಿಯುತ್ತಿರಲಿಲ್ಲ. ಮೊದಲು ಹಾರ್ಡ್ ಡಿಸ್ಕನ್ನು ಪಾಲು ಮಾಡಬೇಕು. ಕೈತಪ್ಪಿದರೆ ವಿಂಡೋಸ್ ಜೊತೆಗೆ ಮನೆಯವರ ಫೈಲುಗಳೂ ಹೋದವು. ಅದು ದಾಟಿದರೆ ಕಪ್ಪು ಪರದೆ. ಬಣ್ಣದ ಕಿಟಕಿಗಳು ಮೂಡಬೇಕಾದರೆ ಮಾನಿಟರ್ ಯಾವ ಆವರ್ತನ ತಾಳುತ್ತದೆ ಎಂಬುದನ್ನು ಕೈಪಿಡಿ ನೋಡಿ ಬರೆಯಬೇಕಿತ್ತು. ಇಷ್ಟೆಲ್ಲ ಗೆದ್ದು ಇಂಟರ್ನೆಟ್ ಹಚ್ಚಲು ಕೂತರೆ ಮೋಡೆಮ್ ಬಾಯಿ ಬಿಡುತ್ತಿರಲಿಲ್ಲ.

ಆ ಮೌನಕ್ಕೆ ಕಾರಣವಿತ್ತು. ತೊಂಬತ್ತರ ದಶಕದ ಕೊನೆಗೆ ಅಗ್ಗದ ಕಂಪ್ಯೂಟರುಗಳೊಳಗೆ ಬರತೊಡಗಿದ 'ವಿನ್‌ಮೋಡೆಮ್' ಅರ್ಧ ಮೋಡೆಮ್ ಮಾತ್ರ. ಫೋನ್ ತಂತಿಯ ಸದ್ದನ್ನು ಅಂಕಿಗಳಾಗಿ ಬಿಡಿಸುವ ಚಿಪ್ಪನ್ನು ತಯಾರಕರು ಖರ್ಚು ಉಳಿಸಲು ತೆಗೆದುಹಾಕಿ, ಆ ಕೆಲಸವನ್ನು ವಿಂಡೋಸಿನಲ್ಲಿ ಓಡುವ ಡ್ರೈವರಿಗೆ ವಹಿಸಿದ್ದರು. ಡ್ರೈವರ್ ಎಂದರೆ ಯಂತ್ರದ ಭಾಗಕ್ಕೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವಿನ ದುಭಾಷಿ. ಆ ದುಭಾಷಿ ವಿಂಡೋಸಿನ ಭಾಷೆಯೊಂದನ್ನೇ ಬಲ್ಲವನಾಗಿದ್ದ. ಲಿನಕ್ಸ್‌ಗೆ ಹೊಸಬನನ್ನು ಹುಟ್ಟಿಸೋಣವೆಂದರೆ ಚಿಪ್ಪಿನ ವಿವರಗಳನ್ನು ಕಂಪನಿಗಳು ಹೊರಗೆ ಕೊಡುತ್ತಿರಲಿಲ್ಲ. ಸೀರಿಯಲ್ ಕೇಬಲ್ಲಿನಲ್ಲಿ ಹೊರಗಿನಿಂದ ಜೋಡಿಸುವ ಪೂರ್ಣ ಮೋಡೆಮ್ ಮಾತ್ರ ತಕರಾರಿಲ್ಲದೆ ನಡೆಯುತ್ತಿತ್ತು. ಅದಕ್ಕೆ ಬೆಲೆ ಹೆಚ್ಚು.

ಲಿನಕ್ಸಿಗೆ ದಾರಿ ಮಾಡಿಕೊಟ್ಟ ಸ್ವತಂತ್ರ ತಂತ್ರಾಂಶ ಚಳವಳಿಯ ಬೇರಿನಲ್ಲೂ ಇಂಥದೇ ಒಂದು ಯಂತ್ರವಿದೆ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಬಂದ ಜೆರಾಕ್ಸ್ ಲೇಸರ್ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಎಲ್ಲರಿಗೂ ತಿಳಿಸುವಂತೆ ತಂತ್ರಾಂಶ ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಮೂಲ ಸಂಕೇತ ಕೇಳಿದರೆ, ಅದು ಇದ್ದವರು ಕೊಡಲೊಪ್ಪಲಿಲ್ಲ. 1983ರಲ್ಲಿ ಅವರು ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಸಾರಿದರು. ಅದರ ಪರವಾನಗಿಯ ಮೂರನೆಯ ಆವೃತ್ತಿಯ ಕರಡನ್ನು ಚರ್ಚಿಸುವ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಒಂದು 2006ರ ಆಗಸ್ಟಿನಲ್ಲಿ ಬೆಂಗಳೂರಿನ ಐಐಎಂನಲ್ಲೇ ನಡೆಯಿತು.

ಅಷ್ಟು ಹೊತ್ತಿಗೆ ಊರು ಹದಗೊಂಡಿತ್ತು. ಸಾಮಾನ್ಯ ಜನರ ಕೈಗೆ ಕಂಪ್ಯೂಟರ್ ತಲುಪಿಸಲು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ಜೊತೆಗೂಡಿ ರೂಪಿಸಿದ ಸಿಂಪ್ಯೂಟರಿನ ಮಾದರಿ 2001ರಲ್ಲಿ ಹೊರಬಂದಾಗ ಅದರೊಳಗೆ ಓಡುತ್ತಿದ್ದುದು ಲಿನಕ್ಸ್. ಅದೇ ವರ್ಷ 'ಲಿನಕ್ಸ್ ಬೆಂಗಳೂರು' ಸಮಾವೇಶ ಶುರುವಾಯಿತು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು ಬೆಂಗಳೂರು ಅರಮನೆಯ ಆವರಣಕ್ಕೆ ಹೋಯಿತು; ಲಿನಕ್ಸಿನ ತಿರುಳಾದ ಕರ್ನಲ್ಲಿನ ಹಿರಿಯ ಆಲನ್ ಕಾಕ್ಸ್ ಅಲ್ಲಿಗೆ ಬಂದಿದ್ದರು. ಮುಂದೆ ಚಿಟ್ನಿಸ್ ಮತ್ತು ಗೆಳೆಯರು ಭಾಷಣ ಕೇಳಿ ಹೋಗುವವರಿಗಿಂತ ಕೂತು ಕೋಡ್ ಬರೆಯುವವರು ಬೇಕೆಂದು ಪಟ್ಟು ಹಿಡಿದರು. ಇದರಿಂದ ಕೆಲವರಿಗೆ ಬೇಸರವಾಗಿದ್ದಿರಬಹುದು. ಆದರೂ ಅವರ ಪಟ್ಟು ಸರಿಯಾಗಿತ್ತು: ಬಳಸುವವರು ಎಷ್ಟೇ ಹೆಚ್ಚಿದರೂ ಡ್ರೈವರ್ ಯಾರಾದರೂ ಬರೆದರೆ ತಾನೇ ಹುಟ್ಟುವುದು. 2012ರಲ್ಲಿ ಸಮಾವೇಶ ಕೊನೆಯ ಬಾರಿ ನಡೆಯಿತು. 2013ರ ಜೂನಿನಲ್ಲಿ ಚಿಟ್ನಿಸ್ ತೀರಿಕೊಂಡರು.

ಈ ವರ್ಷಗಳಲ್ಲಿ ಡ್ರೈವರಿನ ತೊಡಕೂ ರೂಪ ಬದಲಿಸಿತು. ಮೇಜಿನ ಕಂಪ್ಯೂಟರಿನಲ್ಲಿ ಒಂದು ಕಾರ್ಡ್ ಕೈಕೊಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬೇರೆಯದನ್ನು ತಂದು ಸಿಕ್ಕಿಸಬಹುದಿತ್ತು. ಲ್ಯಾಪ್‌ಟಾಪ್ ಆ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿತು. ಒಳಗೆ ಏನು ಬಂದಿದೆಯೋ ಅದರ ಜೊತೆಗೇ ಬಾಳಬೇಕು. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದವರ ಪಾಡು ಬಹುಶಃ ಎಲ್ಲರಿಗಿಂತ ಕಷ್ಟದ್ದು. ವಿಂಡೋಸ್ ಡ್ರೈವರನ್ನೇ ಲಿನಕ್ಸಿನೊಳಗೆ ಓಡಿಸುವ 'ಎನ್‌ಡಿಐಎಸ್ ರ‍್ಯಾಪರ್' ಒಂದು ದಾರಿ. ಚಿಪ್ಪಿನ ನಡವಳಿಕೆಯನ್ನು ಹೊರಗಿನಿಂದ ಅಭ್ಯಸಿಸಿ ಸ್ವಯಂಸೇವಕರು ಬರೆದ ಡ್ರೈವರ್ ಇನ್ನೊಂದು. ಆದರೆ ಅದಕ್ಕೆ ಬೇಕಾದ, ಚಿಪ್ಪಿನೊಳಗೇ ಓಡುವ ತಂತ್ರಾಂಶವಾದ ಫರ್ಮ್‌ವೇರನ್ನು ಹಂಚಲು ಕಂಪನಿಯ ಅನುಮತಿ ಇರಲಿಲ್ಲವಾಗಿ, ಬಳಕೆದಾರರೇ ಕಂಪನಿಯ ಡ್ರೈವರಿನಿಂದ ಅದನ್ನು ಕತ್ತರಿಸಿ ತೆಗೆಯಬೇಕಿತ್ತು. ಅದನ್ನು ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಅದು ಬೇಕು! ಪಕ್ಕದ ಮನೆಯ ಕಂಪ್ಯೂಟರು, ಒಂದು ಪೆನ್‌ಡ್ರೈವ್ ಇದ್ದರೆ ಗಂಟು ಬಿಚ್ಚುತ್ತಿತ್ತು. 2010ರ ಸೆಪ್ಟೆಂಬರಿನಲ್ಲಿ ಕಂಪನಿಯೇ ತನ್ನ ಹೊಸ ಚಿಪ್ಪುಗಳಿಗೆ ತೆರೆದ ಡ್ರೈವರ್ ಕೊಟ್ಟಿತು.

ಅದೇ ವರ್ಷಗಳಲ್ಲಿ ಉಬುಂಟು ಸಿಡಿಗಳು ಅಂಚೆಯಲ್ಲಿ ಬರುತ್ತಿದ್ದವು. ವಿಳಾಸ ಬರೆದು ಕಳಿಸಿದರೆ ಸಾಕು, ಸಿಡಿಗೂ ಅಂಚೆಗೂ ಕಾಸಿಲ್ಲ. 2011ರವರೆಗೆ ಈ ಏರ್ಪಾಡು ನಡೆಯಿತು. ವೈಫೈ ಇಲ್ಲದ ಊರುಗಳಲ್ಲಿ ಮೊಬೈಲ್ ಇಂಟರ್ನೆಟ್ ಕೊಡುವ ಯುಎಸ್‌ಬಿ ಡಾಂಗಲ್ ಬಂತು. ಚುಚ್ಚಿದೊಡನೆ ಅದು ತಾನೊಂದು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತಿತ್ತು, ಏಕೆಂದರೆ ಅದರೊಳಗೆ ವಿಂಡೋಸಿಗೆ ಬೇಕಾದ ತಂತ್ರಾಂಶ ಅಡಗಿರುತ್ತಿತ್ತು. ಅದನ್ನು ಮೋಡೆಮ್ ಆಗಿ ತಿರುಗಿಸಲು 'ಯುಎಸ್‌ಬಿ ಮೋಡ್‌ಸ್ವಿಚ್' ಎಂಬ ಪುಟ್ಟ ಪ್ರೋಗ್ರಾಮ್ ಬೇಕಾಯಿತು.

ಕನ್ನಡಿಗರಿಗೆ ಇನ್ನೂ ಒಂದು ತೊಡಕು ಉಳಿದಿತ್ತು. ಎಲ್ಲ ಡ್ರೈವರುಗಳೂ ಕೂತ ಮೇಲೆ ಕನ್ನಡ ಪುಟ ತೆರೆದರೆ ಅಕ್ಷರ ಬಿಡಿಬಿಡಿಯಾಗಿ ಬೀಳುತ್ತಿತ್ತು. ಅಕ್ಷರಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ, ಅದು ಅಕ್ಷರಗಳ ಅನುಕ್ರಮವನ್ನಷ್ಟೇ ಹೇಳುತ್ತದೆ. ಒತ್ತು ಕೆಳಗಿಳಿಯುವುದು, 'ಸೂರ್ಯ'ದಲ್ಲಿ ಮೊದಲು ಒತ್ತಿದ ರಕಾರ ಅರ್ಕಾವತ್ತಾಗಿ ಯಕಾರದ ಬಲಕ್ಕೆ ಹೋಗುವುದು, ಇದೆಲ್ಲ ಅಕ್ಷರ ಕೂಡಿಸುವ ಎಂಜಿನ್ನಿನ ಕೆಲಸ. ಪ್ಯಾಂಗೋ, ಆಮೇಲೆ ಹಾರ್ಫ್‌ಬಜ್ ಎಂಬ ತಂತ್ರಾಂಶಗಳು ಅದನ್ನು ವಹಿಸಿಕೊಂಡವು. 'ರ‍್ಯಾಂಕ್' ಎಂದು ಬರೆಯಲು ಮಾತ್ರ ರಕಾರ ಅರ್ಕಾವತ್ತಾಗದಂತೆ ತಡೆಯುವ ಕಣ್ಣಿಗೆ ಕಾಣದ ಜೋಡಕವೊಂದನ್ನು ನಡುವೆ ಇಡಬೇಕು. ರೆಡ್ ಹ್ಯಾಟ್ ಕಂಪನಿಯ ಲೋಹಿತ್, ಆಮೇಲೆ ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಫಾಂಟುಗಳು ಬಂದವು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೂ ನೆಲೆಯಾಯಿತು. ಮೋಡೆಮ್ ಮಾತಾಡಿಸಿದ ಶ್ರಮಕ್ಕೂ ಒತ್ತಕ್ಷರ ಕೂಡಿಸಿದ ಶ್ರಮಕ್ಕೂ ಭೇದ ಮಾಡಲಾಗದು. ಎರಡರಲ್ಲೂ ಗೊತ್ತಿದ್ದವರು ಗೊತ್ತಿದ್ದುದನ್ನು ಬಚ್ಚಿಡದೆ ಹಂಚಿದರು.

ಆ ಹಂಚಿಕೆಯ ಫಲ ಶಾಲೆಯ ಬೆಂಚಿನವರೆಗೆ ಇಳಿದುದನ್ನು ನೋಡಲು ಕೇರಳದ ಕಾಸರಗೋಡಿಗೆ ಹೋಗಬೇಕು. 2001ರಲ್ಲಿ ಕೇರಳ ಆರಂಭಿಸಿದ 'ಐಟಿ@ಸ್ಕೂಲ್' ಯೋಜನೆ ಕೆಲವೇ ವರ್ಷಗಳಲ್ಲಿ ಪೂರ್ತಿ ಗ್ನೂ/ಲಿನಕ್ಸಿಗೆ ಹೊರಳಿತು. ಈಗ 'ಕೈಟ್' ಎನಿಸಿಕೊಂಡಿರುವ ಆ ಸಂಸ್ಥೆ ಶಾಲೆಗಳಿಗೆಂದೇ ಹೊಂದಿಸಿದ ಆವೃತ್ತಿಯನ್ನು ಕಾಲಕಾಲಕ್ಕೆ ಹೊರತರುತ್ತದೆ. 2018ರ ಹೈಟೆಕ್ ಶಾಲಾ ಯೋಜನೆ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಒದಗಿಸಲು ಹೊರಟಿತು. ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಯಂತ್ರ ಕೆಟ್ಟರೆ, ಧ್ವನಿ ಬಾರದೆ ಹೋದರೆ, ಮೊದಲು ಕರೆ ಹೋಗುವುದು ಶಾಲೆಯಲ್ಲೇ ಐಟಿ ಹೊಣೆ ಹೊತ್ತ ಮೇಷ್ಟ್ರಿಗೋ ಟೀಚರಿಗೋ. ಅವರು ಮಿಕ್ಕ ದಿನ ಗಣಿತವನ್ನೋ ವಿಜ್ಞಾನವನ್ನೋ ಕಲಿಸುವವರು. ಬಿಡುವಿನ ಪೀರಿಯಡ್ಡಿನಲ್ಲಿ ಪೆನ್‌ಡ್ರೈವ್ ಚುಚ್ಚಿ, ಹೊಸ ಆವೃತ್ತಿಯನ್ನು ಒಂದೊಂದೇ ಲ್ಯಾಪ್‌ಟಾಪಿಗೆ ಹಾಕುತ್ತಾರೆ.